ದುಡ್ಡು ಕೊಟ್ಟು ತಂದ ಆನೆ

"ದುಡ್ಡು ಕೊಟ್ಟು ಆನೆ ತಂದ್ಯಾ? ನಮ್ಮ ತೋಟಕ್ಕೆ ಬಂದಿದ್ರೆ ಬಿಟ್ಟಿ ಕೊಡ್ತಿದ್ದೆ" ಅಂದರು ಪಕ್ಕದ ತೋಟದವರು. ಹಲಸು ಹಣ್ಣಾದ ವಾರ ಅವರ ರೋಬಸ್ಟಾ ಕಾಫಿ ಗಿಡಗಳನ್ನು ತುಳಿದುಕೊಂಡೇ ಹಿಂಡು ಹೋಗಿತ್ತು. ನಗಬೇಕೋ ಬೇಡವೋ ತಿಳಿಯಲಿಲ್ಲ.

ನಾನು ತಂದದ್ದು ಆನೆಯ ಲಿನೊಕಟ್ ಅಚ್ಚುಚಿತ್ರ. ಕೊಡಗಿನ ಸಿದ್ದಾಪುರದ ಕಡೆ ಹಳೇ ಕಾಫಿ ಗೋದಾಮೊಂದರ ಮೂಲೆಯಲ್ಲಿ ಕೂತು ಕೆತ್ತುವ ಕಲಾವಿದೆಯದು. 2,400 ರೂಪಾಯಿ, ಚೌಕಟ್ಟಿಗೆ ಬೇರೆ 700.

ಮೊದಲು ನೋಡಿದ್ದೇ ಕಿವಿ. ಪ್ರವಾಸಿಗರಿಗೆಂದು ಮಾರುವ ಚಿತ್ರಗಳಲ್ಲಿ ಕೊಡಗಿನ ಆನೆಗೆ ಆಫ್ರಿಕಾದ ಕಿವಿ ಅಂಟಿಸಿರುತ್ತಾರೆ, ಕಂಡರೆ ಮೈ ಉರಿಯುತ್ತದೆ. ಇದರ ಕಿವಿ ಚಿಕ್ಕದು, ಅಂಚು ಹರಿದಿದೆ. ನೆತ್ತಿಯ ಮೇಲೆ ಎರಡು ಉಬ್ಬು. ಸೊಂಡಿಲ ತುದಿಯಲ್ಲಿ ಒಂದೇ ಬೆರಳು, ಅದು ಹಲಸಿನ ಮುಳ್ಳು ತಡವುತ್ತಿದೆ. ಮುದ್ದು ಆನೆಯಲ್ಲ. ರಾತ್ರಿ ಟಾರ್ಚ್ ಬಿಟ್ಟಾಗ ಎದುರು ನಿಂತು ಎದೆ ಝಲ್ಲೆನಿಸುತ್ತಲ್ಲ, ಆ ಆನೆ.

ಲಿನೊ ಅಂದರೆ ಅಗಸೆ ಎಣ್ಣೆ, ಕಾರ್ಕ್ ಪುಡಿ ಕಲಸಿ ಸೆಣಬಿನ ಬಟ್ಟೆಯ ಮೇಲೆ ಹರಡಿದ ಹಾಳೆ. ಅದನ್ನು ಸ್ವಲ್ಪ ಕೆತ್ತಿ ಕಾಗದದ ಮೇಲೆ ತಿಳಿ ಬಣ್ಣ ಒತ್ತುತ್ತಾರೆ, ಅದೇ ಹಾಳೆಯನ್ನು ಮತ್ತೆ ಕೆತ್ತಿ ಮೇಲೆ ಗಾಢ ಬಣ್ಣ. ಮೂರನೇ ಬಣ್ಣದ ಹೊತ್ತಿಗೆ ಹಾಳೆಯೇ ಸವೆದುಹೋಗಿರುತ್ತದೆ, ಬೇಕೆಂದರೂ ಇನ್ನೊಂದು ಪ್ರತಿ ಬರದು. ನನ್ನದರ ಕೆಳಗೆ ಪೆನ್ಸಿಲಿನಲ್ಲಿ 11/30 ಅಂತಿದೆ, ಒತ್ತಿದ ಮೂವತ್ತರಲ್ಲಿ ಹನ್ನೊಂದನೆಯದು. ಪ್ರೆಸ್ಸೂ ಇಲ್ಲ, ಮರದ ಸೌಟಿನ ಬೆನ್ನಿನಲ್ಲಿ ಉಜ್ಜುವುದು.

ಬೆಲೆಯ ಮೂರನೇ ಒಂದು ಪಾಲು ಕಾಡುಪ್ರಾಣಿಗಳಿಗೆ ಅಂತ ಬೋರ್ಡಿದೆ. ಇಂಥ ಬೋರ್ಡು ಕಂಡರೆ ನನಗೆ ಅನುಮಾನವೇ ಜಾಸ್ತಿ. ದುಡ್ಡು ಎಲ್ಲಿಗೆ ಹೋಗುತ್ತೆ ಅಂತ ಕೇಳಿಯೇಬಿಟ್ಟೆ. ಆಕೆ ಸಿಟ್ಟಾಗದೆ ಗೋದಾಮಿನ ಹಿಂದಕ್ಕೆ ಕರೆದೊಯ್ದರು. ಸಾಲುಸಾಲು ಅತ್ತಿ, ಬಸರಿ, ಗೋಳಿ ಸಸಿ, ಬೆಳೆಗಾರರಿಗೆ ಪುಕ್ಕಟೆ. ಮೆಣಸಿನ ಬಳ್ಳಿ ಹಬ್ಬಿಸಲು ನಾವೆಲ್ಲ ಸಿಲ್ವರ್ ಓಕ್ ನೆಟ್ಟೆವು. ಬೇಗ ಬೆಳೆಯುತ್ತೆ, ಕಡಿದು ಮಾರಿದರೂ ಕಾಸು. ಆದರೆ ಮಂಗಟ್ಟೆ ಹಕ್ಕಿಗೆ ಅದರಲ್ಲಿ ತಿನ್ನಲು ಹಣ್ಣಿಲ್ಲ, ಗೂಡಿಗೆ ಪೊಟರೆಯಿಲ್ಲ. ಹೆಣ್ಣು ಮಂಗಟ್ಟೆ ಪೊಟರೆಯೊಳಗೆ ಸೇರಿ, ಸಣ್ಣ ಸೀಳು ಬಿಟ್ಟು ಬಾಗಿಲು ಮೆತ್ತಿಕೊಂಡು, ಗಂಡು ತಂದ ಹಣ್ಣು ತಿನ್ನುವ ಚಿತ್ರವೊಂದು ಒಳಗೆ ಗೋಡೆಯ ಮೇಲಿತ್ತು. ಎರಡು ಅತ್ತಿ ಸಸಿ ಜೀಪಿಗೆ ಹಾಕಿಕೊಂಡೆ.

ಚೌಕಟ್ಟು ಮಾತ್ರ ಅಲ್ಲಿ ಹಾಕಿಸಬೇಡಿ. ಹಿಂದೆ ಬರೀ ರಟ್ಟು, ಮುಂದೆ ಚಿತ್ರ ಗಾಜಿಗೇ ತಾಗಿಕೊಂಡಿತ್ತು. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಇಲ್ಲಿ ಚಪ್ಪಲಿ, ಬೆಲ್ಟುಗಳಿಗೇ ಬೂಷ್ಟು ಹಿಡಿಯುವಾಗ ಕಾಗದ ಎಲ್ಲಿ ತಡೆದೀತು? ಆನೆಯ ಹೊಟ್ಟೆಯ ಮೇಲೆ ಬಿಳಿ ಚುಕ್ಕೆ ಎದ್ದವು. ಆಕೆ ಫೋನು ಮೂರು ದಿನ ಎತ್ತಲಿಲ್ಲ. ಆಮೇಲೆ ತಾವೇ ಒರೆಸಿ, ಗಾಜಿಗೂ ಕಾಗದಕ್ಕೂ ನಡುವೆ ಜಾಗ ಬಿಟ್ಟು ಹೊಸದಾಗಿ ಕಟ್ಟಿಕೊಟ್ಟರು. ಕಾಸು ಕೇಳಲಿಲ್ಲ. ಕಲೆ ಪೂರ್ತಿ ಹೋಗಿಲ್ಲ, ಅಮ್ಮ ಅದನ್ನು ಕೆಸರು ಅಂದುಕೊಂಡಿದ್ದಾರೆ.

ಮಂಗಟ್ಟೆಯದು ಇನ್ನು ಆರೇ ಪ್ರತಿ ಉಳಿದಿವೆಯಂತೆ. ಮೆಣಸಿನ ದುಡ್ಡು ಕೈಸೇರಿದರೆ ಒಂದು ನನ್ನದು, ಚೌಕಟ್ಟಿಲ್ಲದೆ.