ಹಾಸನದ ಗುಮ್ಮಟ ಪ್ರದರ್ಶನ: ಶನಿಯ ನೆರಳು ಸೊಗಸು, ಬೆಳಕು ಅರೆಬರೆ

ಗಾಳಿ ತುಂಬಿ ನಿಲ್ಲಿಸಿದ ಗುಮ್ಮಟದೊಳಗೆ ಜಮಖಾನದ ಮೇಲೆ ಅಂಗಾತ ಮಲಗಿ ನೋಡುವ ಶನಿಗ್ರಹದ ಪ್ರದರ್ಶನವೊಂದು ಹಾಸನದ ಸಭಾಂಗಣವೊಂದರಲ್ಲಿ ವಾರಾಂತ್ಯಗಳಲ್ಲಿ ನಡೆಯುತ್ತಿದೆ. ಟಿಕೆಟ್ ತಲೆಗೆ ನೂರು ರೂಪಾಯಿ, ಅವಧಿ ಅರ್ಧ ಗಂಟೆಗಿಂತ ತುಸು ಕಡಿಮೆ. ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವಿರುವ ಊರಿನವರು ಬಾಹ್ಯಾಕಾಶದ ವಿಷಯದಲ್ಲಿ ಸುಲಭಕ್ಕೆ ಬೆರಗಾಗುವವರಲ್ಲ. ಅಂಥವರನ್ನೂ ಹಿಡಿದು ಕೂರಿಸುವ ಕೆಲವು ನಿಮಿಷಗಳು ಇದರಲ್ಲಿವೆ.

ಇಂತಹ ಪ್ರದರ್ಶನಕ್ಕೆ ದುಡ್ಡು ಕೊಡಲು ಒಂದು ಗಟ್ಟಿ ಕಾರಣವಿದೆ. ಶನಿಯು ಸೂರ್ಯನಿಂದ ನಮಗಿಂತ ಸುಮಾರು ಒಂಬತ್ತೂವರೆ ಪಟ್ಟು ದೂರದಲ್ಲಿರುವುದರಿಂದ ನಾವು ಅದನ್ನು ಹೆಚ್ಚುಕಡಿಮೆ ಸೂರ್ಯನ ದಿಕ್ಕಿನಿಂದಲೇ ನೋಡುತ್ತೇವೆ; ಎಷ್ಟೇ ದೊಡ್ಡ ದೂರದರ್ಶಕವಿಟ್ಟು ನೋಡಿದರೂ ನಮಗೆ ಕಾಣುವುದು ಅದರ ಹಗಲಿನ ಮುಖ ಮಾತ್ರ. ರಾತ್ರಿಯ ಭಾಗವನ್ನು ಭೂಮಿಯಿಂದ ನೋಡುವ ದಾರಿಯೇ ಇಲ್ಲ. ಸಾಲದ್ದಕ್ಕೆ 2025ರ ಮಾರ್ಚ್‌ನಲ್ಲಿ ಉಂಗುರಗಳ ಅಂಚು ನೇರವಾಗಿ ನಮ್ಮತ್ತ ತಿರುಗಿ, ಅವು ಕಾಣದಷ್ಟು ತೆಳುವಾಗಿದ್ದವು.

ಗ್ರಹದ ನೆರಳು ಉಂಗುರಗಳ ಮೇಲೆ ಬೀಳುವ ದೃಶ್ಯವನ್ನು ಇಲ್ಲಿ ಅಚ್ಚುಕಟ್ಟಾಗಿ ಮಾಡಿದ್ದಾರೆ. ಹೊಳೆಯುವ ಉಂಗುರ ಗ್ರಹದ ಹಿಂದೆ ಸಾಗುತ್ತಾ ಒಂದು ಗೆರೆಯಲ್ಲಿ ಥಟ್ಟನೆ ಕತ್ತಲಾಗುತ್ತದೆ. ಅಲ್ಲಿಂದ ನೋಡಿದರೆ ಸೂರ್ಯಬಿಂಬ ಬಹಳ ಚಿಕ್ಕದು, ಆದ್ದರಿಂದ ನೆರಳಿನ ಅಂಚು ನಮ್ಮಲ್ಲಿಯ ನೆರಳುಗಳಷ್ಟು ಮಸುಕಾಗುವುದಿಲ್ಲ. ಉಂಗುರಗಳು ಗ್ರಹದ ಮೇಲೆ ಚೆಲ್ಲುವ ನೆರಳನ್ನೂ ಮರೆತಿಲ್ಲ: ಚಳಿಗಾಲದ ಗೋಳಾರ್ಧದಲ್ಲಿ ಬಾಗಿದ ಕಪ್ಪು ಪಟ್ಟಿಗಳು, ಅವುಗಳ ನಡುವೆ ಕ್ಯಾಸಿನಿ ವಿಭಾಗವೆಂಬ ಸುಮಾರು 4,800 ಕಿ.ಮೀ. ಅಗಲದ ಸೀಳಿನಿಂದ ಇಳಿದ ಬೆಳಕಿನ ಗೆರೆ. 2009ರ ಆಗಸ್ಟ್‌ನಲ್ಲಿ ಸೂರ್ಯ ಶನಿಯ ಸಮಭಾಜಕದ ನೇರಕ್ಕೆ ಬಂದ ವಿಷುವದ ಹೊತ್ತಿಗೆ ಆ ಪಟ್ಟಿಗಳೆಲ್ಲ ಕೂಡಿ ಸಮಭಾಜಕದ ಮೇಲೆ ಒಂದೇ ದಾರದೆಳೆಯಾದದ್ದನ್ನು ತೋರಿಸುವಾಗ ಗುಮ್ಮಟದೊಳಗೆ ಪಿಸುಮಾತೂ ಇರಲಿಲ್ಲ.

ಬೆಳಕಿನ ವಿಷಯಕ್ಕೆ ಬಂದರೆ ಇಷ್ಟು ಹೊಗಳಲಾರೆ. ಶನಿಯಲ್ಲಿ ಸದಾ ಮುಸ್ಸಂಜೆ ಎಂದು ನಿರೂಪಣೆ ಹೇಳುತ್ತದೆ. ಅಲ್ಲಿಯ ಬಿಸಿಲು ನಮ್ಮದರ ತೊಂಬತ್ತರಲ್ಲಿ ಒಂದು ಪಾಲು ಎಂಬುದು ನಿಜ, ಆದರೆ ಅಷ್ಟೂ ಹುಣ್ಣಿಮೆಯ ಬೆಳದಿಂಗಳಿನ ನಾಲ್ಕು ಸಾವಿರ ಪಟ್ಟಿಗಿಂತ ಹೆಚ್ಚು. ಓದಲು ಬರೆಯಲು ಧಾರಾಳ ಸಾಕು. ಇದಕ್ಕಿಂತ ದೊಡ್ಡ ಕೊರತೆ ರಾತ್ರಿಯ ಭಾಗದ್ದು. ಅದನ್ನು ಮಸಿ ಬಳಿದಂತೆ ಕಪ್ಪಾಗಿಸಿದ್ದಾರೆ. ನನ್ನ ಪಕ್ಕದಲ್ಲಿದ್ದ ಹುಡುಗ, “ಸಾರ್, ಅಷ್ಟು ದೊಡ್ಡ ಉಂಗುರ ಹೊಳೀತಿದೆಯಲ್ಲ, ಅದರ ಬೆಳಕು ಶನಿ ಮೇಲೆ ಬೀಳಲ್ವಾ?” ಎಂದು ಕೇಳಿದ. ಬೀಳುತ್ತದೆ. ನೀರ್ಗಲ್ಲಿನ ಚೂರುಗಳಿಂದಾದ ಉಂಗುರಗಳು ಪ್ರತಿಫಲಿಸಿದ ಬಿಸಿಲು ರಾತ್ರಿಯ ಮೋಡಗಳನ್ನು ಮಂದವಾಗಿ ಬೆಳಗುವುದನ್ನು ಶನಿಯನ್ನು ಸುತ್ತಿದ ಕ್ಯಾಸಿನಿ ಎಂಬ ನೌಕೆಯ ಚಿತ್ರಗಳಲ್ಲಿ ನೋಡಬಹುದು. ನಿರೂಪಕರು ಪ್ರಶ್ನೆಯನ್ನು ಕೇಳಿಸಿಕೊಂಡರು, “ಆಮೇಲೆ ಹೇಳ್ತೀನಿ ಪುಟ್ಟ” ಎಂದರು, ಹೇಳಲಿಲ್ಲ.

ಉಂಗುರಗಳ ಬಿಸಿಲು ಬೀಳದ ಬದಿಯೂ ಹೀಗೆಯೇ ಕೆಟ್ಟಿದೆ. ತೆಂಗಿನಗರಿಯ ಚಪ್ಪರದ ಕೆಳಗೆ ನಿಂತರೆ ಗರಿ ದಟ್ಟವಾದಲ್ಲಿ ಕತ್ತಲು, ತೆಳುವಾದಲ್ಲಿ ಬೆಳಕು ಕಾಣುವುದಿಲ್ಲವೇ, ಅಲ್ಲಿಯೂ ಹಾಗೆ: ಬಿಸಿಲಿನ ಬದಿಯಲ್ಲಿ ಎಲ್ಲಕ್ಕಿಂತ ಉಜ್ವಲವಾದ ಬಿ ಉಂಗುರ (ಉಂಗುರಗಳಿಗೆ ಇಂಗ್ಲಿಷ್ ಅಕ್ಷರಗಳೇ ಹೆಸರು) ಹಿಂಬದಿಯಿಂದ ಕಪ್ಪಾಗಿ, ಚೂರುಗಳು ವಿರಳವಾದ ಸಿ ಉಂಗುರ ಮತ್ತು ಕ್ಯಾಸಿನಿ ವಿಭಾಗಗಳು ಬೆಳಗಬೇಕು. ಇವರು ಎರಡೂ ಬದಿಗೆ ಒಂದೇ ಚಿತ್ರ ಹಾಕಿ ಕೈತೊಳೆದುಕೊಂಡಿದ್ದಾರೆ.

ಕೊಟ್ಟ ಹಣ ವಸೂಲಾಗುವುದು ಕೊನೆಯಲ್ಲಿ, 2013ರ ಜುಲೈ 19ರಂದು ಕ್ಯಾಸಿನಿ ಶನಿಯ ನೆರಳಿನೊಳಗಿಂದ ಸೂರ್ಯನ ಕಡೆಗೆ ತಿರುಗಿ ತೆಗೆದ ಚಿತ್ರದಲ್ಲಿ. ಎನ್ಸಿಲಾಡಸ್ ಉಪಗ್ರಹ ಚಿಮ್ಮಿಸುವ ಹಿಮಕಣಗಳಿಂದಾದ ಇ ಉಂಗುರ ಹಿಂದಿನಿಂದ ಬಿಸಿಲು ಬಿದ್ದಾಗಲೇ ಚೆನ್ನಾಗಿ ಕಾಣುವಂಥದ್ದು. ಅದು ಇಡೀ ಗುಮ್ಮಟಕ್ಕೆ ಮಂಜಿನಂತೆ ಹರಡುತ್ತದೆ. ಅದರ ಬಳಿಯ ಚುಕ್ಕಿಯೊಂದು ನಮ್ಮ ಭೂಮಿ.

ಒಳಹೋಗುವ ದಾರಿ ಬಗ್ಗಿ ನುಸುಳುವಷ್ಟು ತಗ್ಗಾಗಿದೆ, ಮಂಡಿನೋವಿನ ಹಿರಿಯರನ್ನು ಕರೆದೊಯ್ಯುವ ಮೊದಲು ಯೋಚಿಸಿ. ಗಾಳಿಯ ಯಂತ್ರದ ಸದ್ದಿಗೆ ಬಾಗಿಲ ಬಳಿ ನಿರೂಪಣೆ ಕೇಳಿಸದು. ಎದುರುಬದಿಯ ಗೋಡೆಗೆ ತಲೆಯಿಟ್ಟು ಮಲಗುವುದೇ ಲೇಸು.