ಜರ್ಕ್ ಹೊಡೆಯುವ ಗೇರ್‌ಬಾಕ್ಸ್: ಮೊದಲ ಸರ್ವಿಸ್‌ನಲ್ಲೇ ಬರೆಸಿಕೊಳ್ಳಿ

ಮಂಗಳೂರಿನಿಂದ ಬೆಂಗಳೂರಿಗೆ ವಾಪಸ್ ಬರುತ್ತಿದ್ದೆವು. ಗುಂಡ್ಯ ದಾಟಿ ಶಿರಾಡಿ ಘಾಟಿಯ ಏರು ಶುರುವಾಗಿತ್ತು. ಮುಂದೆಲ್ಲೋ ಲಾರಿಯೊಂದು ಕೆಟ್ಟು ನಿಂತು ಸಾಲು ಬೆಳೆದಿತ್ತು. ಹತ್ತು ಅಡಿ ಹೋಗುವುದು, ನಿಲ್ಲುವುದು, ಮತ್ತೆ ಹತ್ತು ಅಡಿ. ಮುಕ್ಕಾಲು ಗಂಟೆ ಇದೇ ಆಯಿತು. ಆಮೇಲೆ ಸುಟ್ಟ ವಾಸನೆ ಬಂತು. "ಲಾರಿ ಬ್ರೇಕಿನದ್ದು ಕಣೋ" ಅಂದರು ಅಮ್ಮ. ನಾನೂ ಹಾಗೇ ಅಂದುಕೊಂಡೆ. ಐದು ನಿಮಿಷದಲ್ಲಿ ಮೀಟರ್ ಮೇಲೆ ಸೂಚನೆ: ಗೇರ್‌ಬಾಕ್ಸ್ ಬಿಸಿಯಾಗಿದೆ, ಗಾಡಿ ನಿಲ್ಲಿಸಿ. ಎಲ್ಲಿ ನಿಲ್ಲಿಸೋದು? ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕೆಂಪುಹೊಳೆ. ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಕೂಗುತ್ತದೆ, ಕಾರು ಮುಂದೆ ಹೋಗುತ್ತಿಲ್ಲ.

ಕಾರಿಗೆ ಎರಡು ವರ್ಷವೂ ತುಂಬಿರಲಿಲ್ಲ. 22 ಸಾವಿರ ಕಿಲೋಮೀಟರ್ ಓಡಿತ್ತು, ಅಷ್ಟೇ.

ನಮ್ಮದು ಡಿಸಿಟಿ, ಅಂದರೆ ಎರಡು ಕ್ಲಚ್‌ನ ಆಟೊಮ್ಯಾಟಿಕ್. ಒಂದು ಕ್ಲಚ್ 1, 3, 5ರಂಥ ಗೇರ್ ನೋಡಿಕೊಂಡರೆ ಇನ್ನೊಂದು 2, 4, 6 ನೋಡಿಕೊಳ್ಳುತ್ತದೆ. ಓಪನ್ ರೋಡಿನಲ್ಲಿ ಗೇರ್ ಬದಲಾದದ್ದೇ ಗೊತ್ತಾಗುವುದಿಲ್ಲ, ಬಹಳ ಚೆನ್ನಾಗಿರುತ್ತದೆ. ಆದರೆ ಚಿಕ್ಕ ಕಾರುಗಳಲ್ಲಿ ಹೆಚ್ಚಾಗಿ ಬರುವುದು ಡ್ರೈ ಕ್ಲಚ್. ತಣ್ಣಗಿಡಲು ಸುತ್ತ ಎಣ್ಣೆ ಇರುವುದಿಲ್ಲ. ಬ್ರೇಕ್ ಅರೆಬರೆ ಬಿಟ್ಟು ತೆವಳುವಾಗ ಒಳಗೆ ನಡೆಯುವುದು ಹಾಫ್ ಕ್ಲಚ್ಚೇ, ಅಂದರೆ ಕ್ಲಚ್ ಪೂರ್ತಿ ಹಿಡಿಯದೆ ಉಜ್ಜಿಕೊಂಡೇ ಇರುತ್ತದೆ. ಒತ್ತುವ ಕಾಲು ನಮ್ಮದಲ್ಲ, ಹಾಗಾಗಿ ನಮಗೆ ಗೊತ್ತಾಗುವುದಿಲ್ಲ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ದಿನಾ ಅದನ್ನೇ ಮಾಡುತ್ತಿದ್ದೆ. ಏರಿನಲ್ಲಂತೂ ಬ್ರೇಕ್ ಬಿಟ್ಟು, ಆಕ್ಸಿಲರೇಟರ್ ಮೇಲೇ ಗಾಡಿ ಹಿಡಿದು ನಿಲ್ಲಿಸುವ ಚಟ ಬೇರೆ. ಅದು ನನ್ನದೇ ತಪ್ಪು, ಒಪ್ಪುತ್ತೇನೆ.

ಆದರೆ ಜರ್ಕ್ ಶುರುವಾಗಿದ್ದು ಘಾಟಿಗೆ ಹೋಗುವ ಎಷ್ಟೋ ಮೊದಲು. ಮೂರನೇ ತಿಂಗಳಿನಿಂದಲೇ ಒಂದರಿಂದ ಎರಡನೇ ಗೇರಿಗೆ ಹೋಗುವಾಗ ಗಾಡಿ ನಡುಗುತ್ತಿತ್ತು. ರಿವರ್ಸ್‌ಗೆ ಹಾಕಿದರೆ ಒಂದು ಕ್ಷಣ ಏನೂ ಆಗದೆ, ಆಮೇಲೆ ದಡಕ್ಕನೆ ಹಿಂದಕ್ಕೆ. ಮೊದಲ ಸರ್ವಿಸ್‌ನಲ್ಲಿ ಹೇಳಿದೆ. "ಆಟೊಮ್ಯಾಟಿಕ್ ಅಂದ್ರೆ ಸ್ವಲ್ಪ ಹಾಗೇ ಸರ್, ನಿಮ್ಮ ಡ್ರೈವಿಂಗ್‌ಗೆ ಅದೇ ಅಡ್ಜಸ್ಟ್ ಆಗುತ್ತೆ" ಅಂದರು ಅಡ್ವೈಸರ್. ಎರಡನೇ ಸಲ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿಕೊಟ್ಟರು. ಹತ್ತು ದಿನ ಬೆಣ್ಣೆಯ ಹಾಗಿತ್ತು, ಮತ್ತೆ ಅದೇ ರಾಗ.

ಘಾಟಿಯಿಂದ ಫ್ಲಾಟ್‌ಬೆಡ್ ಲಾರಿ ಮೇಲೆ ಹಾಸನಕ್ಕೆ, ಅಲ್ಲಿಂದ ಬೆಂಗಳೂರಿಗೆ. ಕ್ಲಚ್ ಸೆಟ್ ಹೋಗಿದೆ, ಲಕ್ಷದ ಹತ್ತಿರ ಆಗುತ್ತೆ ಅಂದರು. ವಾರಂಟಿ ಇದೆಯಲ್ಲ ಅಂದೆ. "ಕ್ಲಚ್ ಸವೆಯೋ ಪಾರ್ಟ್ ಸರ್, ವಾರಂಟಿಗೆ ಬರಲ್ಲ." ಮೊದಲೇ ಎರಡು ಸಲ ಹೇಳಿದ್ದೆನಲ್ಲ ಎಂದು ಹಳೆಯ ಜಾಬ್ ಕಾರ್ಡ್, ಅಂದರೆ ಸರ್ವಿಸ್‌ಗೆ ಬಿಡುವಾಗ ನಮ್ಮ ದೂರು ಬರೆದುಕೊಳ್ಳುವ ಹಾಳೆ, ತೆಗೆಸಿದೆ. ಎರಡರಲ್ಲೂ ಇದ್ದದ್ದು 'ಜನರಲ್ ಚೆಕಪ್'. ಜರ್ಕ್ ಅನ್ನುವ ಪದವೇ ಇಲ್ಲ! ಓದದೆ ಸಹಿ ಹಾಕಿದವನು ನಾನೇ ಅಲ್ವಾ?

ಇದು ಒಂದು ಕಂಪನಿಯ ಕಥೆಯಲ್ಲ ಅಂತ ಆಮೇಲೆ ಓದಿ ತಿಳಿದುಕೊಂಡೆ. ನನ್ನ ಕಾರು ಫೋಕ್ಸ್‌ವ್ಯಾಗನ್ ಅಲ್ಲ, ಫೋರ್ಡ್ ಅಲ್ಲ. ಆದರೆ 2013ರಲ್ಲಿ ಡಿಎಸ್‌ಜಿ (ಡಿಸಿಟಿಗೆ ಫೋಕ್ಸ್‌ವ್ಯಾಗನ್ ಇಟ್ಟ ಹೆಸರು) ಗೇರ್‌ಬಾಕ್ಸ್ ತೊಂದರೆಗೆ ಫೋಕ್ಸ್‌ವ್ಯಾಗನ್ ಚೀನಾ ಒಂದರಲ್ಲೇ 3.8 ಲಕ್ಷಕ್ಕೂ ಹೆಚ್ಚು ಕಾರುಗಳನ್ನು ವಾಪಸ್ ಕರೆಸಿತ್ತು. ಅಮೆರಿಕದಲ್ಲಿ ಫೋರ್ಡ್ ಫಿಯೆಸ್ಟಾ, ಫೋಕಸ್ ಕೊಂಡವರು ಡ್ರೈ ಕ್ಲಚ್ ನಡುಕಕ್ಕೆ ಕೋರ್ಟ್ ಹತ್ತಿದರು. ಅಲ್ಲಿ ಕ್ಲಚ್ ವಾರಂಟಿಯನ್ನು 7 ವರ್ಷಕ್ಕೆ ಏರಿಸಬೇಕಾಯಿತು. ಅಲ್ಲಿ ಆಗುವುದು ಇಲ್ಲಿ ಯಾಕೆ ಆಗಲ್ಲ ಅಂತ ಹೊಟ್ಟೆ ಉರಿಯಿತು, ಸುಳ್ಳು ಹೇಳಲ್ಲ.

ಎಎಂಟಿ ಅನ್ನುವ ಇನ್ನೊಂದು ಬಗೆಯ ಆಟೊಮ್ಯಾಟಿಕ್ ಇರುವವರೂ ನಿಶ್ಚಿಂತೆಯಿಂದ ಇರಬೇಡಿ. ಅದರಲ್ಲಿರುವುದು ಮಾಮೂಲಿ ಕ್ಲಚ್ಚೇ, ಮೋಟರ್ ಒತ್ತುತ್ತದೆ ಅಷ್ಟೇ. ಏರಿನಲ್ಲಿ ಅದೂ ಹೀಗೇ ಸುಡುತ್ತದೆ. ಟಾರ್ಕ್ ಕನ್ವರ್ಟರ್ ಅನ್ನುವ ಮೂರನೇ ಬಗೆಯ ಆಟೊಮ್ಯಾಟಿಕ್‌ನಲ್ಲಿ ಎಣ್ಣೆ ಇರುವುದರಿಂದ ಸಾಲಿನಲ್ಲಿ ತೆವಳುವುದು ಅಷ್ಟು ಕಷ್ಟ ಕೊಡುವುದಿಲ್ಲ. ದಿನಾ ಟ್ರಾಫಿಕ್‌ನಲ್ಲೇ ಓಡಾಡುವವರು ಮೈಲೇಜ್ ಸ್ವಲ್ಪ ಕಮ್ಮಿಯಾದರೂ ಅದನ್ನೇ ತಗೊಳ್ಳಿ ಅನ್ನುತ್ತೇನೆ ನಾನು.

ಡಿಸಿಟಿ ಈಗಾಗಲೇ ಮನೆಯಲ್ಲಿದ್ದರೆ, ಮುಂದಿನ ಗಾಡಿ ಇಂಚಿಂಚು ಸರಿದಾಗಲೆಲ್ಲ ಅದರ ಹಿಂದೆಯೇ ತೆವಳಬೇಡಿ. ಒಂದು ಕಾರಿನಷ್ಟು ಜಾಗ ಆಗುವವರೆಗೆ ಬ್ರೇಕ್ ಪೂರ್ತಿ ಒತ್ತಿ ಕಾಯಿರಿ, ಹಿಂದಿನವನು ಹಾರ್ನ್ ಹೊಡೆದುಕೊಳ್ಳಲಿ. ಜರ್ಕ್ ಬಂದರೆ ವಿಡಿಯೋ ಮಾಡಿಸಿ. ಟೆಕ್ನಿಷಿಯನ್‌ನನ್ನು ಪಕ್ಕ ಕೂರಿಸಿಕೊಂಡು ಓಡಿಸಿ ತೋರಿಸಿ. ಜಾಬ್ ಕಾರ್ಡ್‌ನಲ್ಲಿ ನಿಮ್ಮ ಮಾತಿನಲ್ಲೇ ದೂರು ಬರೆಯುವವರೆಗೆ ಸಹಿ ಹಾಕಬೇಡಿ. ಮೇಲ್ ಕೂಡ ಕಳಿಸಿ. ಜಗ್ಗದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. ಗ್ರಾಹಕ ಆಯೋಗಕ್ಕೆ ಹೋಗಲು ಎರಡು ವರ್ಷದ ಗಡುವಿದೆ, ನೆನಪಿರಲಿ.

ಇಪ್ಪತ್ತು ದಿನ ಮೇಲ್ ಬರೆದು ಬರೆದು, ಕೊನೆಗೆ ಪಾರ್ಟ್ಸ್‌ನ ಅರ್ಧ ದುಡ್ಡು ಬಿಟ್ಟರು. ಲೇಬರ್ ಚಾರ್ಜ್ ಪೂರ್ತಿ ನನ್ನದೇ. ಮೊನ್ನೆಯಿಂದ ಎರಡನೇ ಗೇರಿನಲ್ಲಿ ಮತ್ತೆ ಸಣ್ಣ ನಡುಕ ಕಾಣಿಸುತ್ತಿದೆ. ಶನಿವಾರ ಗಾಡಿ ಬಿಡಬೇಕು. ಈ ಸಲ ವಿಡಿಯೋ ಮೊಬೈಲ್‌ನಲ್ಲಿ ರೆಡಿ ಇದೆ.