ಡಿಕ್ರಿ ಆದಮೇಲೆ ಫೈನಾನ್ಸಿನವರ ಕೈಗೆ ನಗದು ಕೊಡಬೇಡಿ

ಯಾದಗಿರಿ, ಕಲಬುರಗಿ ಕಡೆಯ ಸರ್ಕಾರಿ ನೌಕರರು, ಅದರಲ್ಲೂ ಯಾರದೋ ಸಾಲಕ್ಕೆ ಜಾಮೀನು ಹಾಕಿದವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಾನು ಯಾದಗಿರಿ ಜಿಲ್ಲೆಯಲ್ಲಿ ಶಿಕ್ಷಕಿ. ಈಗ ಪ್ರತಿ ತಿಂಗಳು ಕೋರ್ಟಿನ ಆದೇಶದ ಮೇಲೆ ನನ್ನ ಪಗಾರ ಕಡಿತ ಆಗ್ತಿದೆ. ಅದೇ ಸಾಲಕ್ಕೆ 80,000 ರೂಪಾಯಿ ಮೊದಲೇ ಕೊಟ್ಟಿದ್ದೇನೆ. ಕೊಟ್ಟದ್ದು ಲೆಕ್ಕಕ್ಕೇ ಇಲ್ಲ!

ಸಾಲ ನನ್ನದಲ್ಲ, ಸಂಬಂಧಿಕರದು. ಫೈನಾನ್ಸಿನವರು ಸರ್ಕಾರಿ ನೌಕರರ ಜಾಮೀನೇ ಬೇಕು ಅಂತ ಹಟ ಹಿಡಿದಿದ್ದರು. ಸಂಬಂಧಿಕರು ಕಂತು ಕಟ್ಟುವುದು ನಿಲ್ಲಿಸಿದರು, ಕೇಸಾಯ್ತು, ಇಬ್ಬರ ಮೇಲೂ ಡಿಕ್ರಿ (ಹಣ ಕಟ್ಟಬೇಕು ಅನ್ನೋ ಕೋರ್ಟಿನ ತೀರ್ಪು) ಆಯ್ತು. ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ ಸಾಲಗಾರನಷ್ಟೇ ಹೊಣೆ ಜಾಮೀನುದಾರರಿಗೂ ಇದೆ. ಸುಲಭವಾಗಿ ಸಿಗುವವರು ಪಗಾರದವರು, ಹಾಗಾಗಿ ನನ್ನನ್ನೇ ಹಿಡಿದರು.

ಡಿಕ್ರಿ ಆದ ಮೇಲೆ ಅವರ ವಸೂಲಿ ಮನುಷ್ಯನ ಫೋನು ಶುರು. "ಮೇಡಂ, ಆರ್ಡರ್ ನಿಮ್ಮ ಬಿಇಓ ಆಫೀಸಿಗೆ ಹೋದ್ರ ಪೂರ್ತಿ ಪಗಾರ ಬಂದ್ ಆಗ್ತದ. ಸ್ಟಾಫ್ ಎದುರು ಮರ್ಯಾದಿ ಹೋಗ್ತದ. 80,000 ಕೊಡ್ರಿ, ಕೇಸ್ ಕ್ಲೋಸ್ ಮಾಡ್ತೀವಿ." ಪೂರ್ತಿ ಪಗಾರ ಹೋಗ್ತದೆ ಅನ್ನೋದೇ ಸುಳ್ಳು. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಪ್ರಕಾರ ಮೊದಲ 1,000 ರೂಪಾಯಿ ಮತ್ತು ಉಳಿದದ್ದರಲ್ಲಿ ಮೂರರಲ್ಲಿ ಎರಡು ಭಾಗ ಮುಟ್ಟುವಂತಿಲ್ಲ. ಲೆಕ್ಕಕ್ಕೆ ಬರುವ ಪಗಾರ 40,000 ಇದ್ದರೆ ಹೋಗುವುದು 13,000. ಒಂದು ಡಿಕ್ರಿಗೆ ಒಟ್ಟು 24 ತಿಂಗಳು ಕಡಿತ ಆದಮೇಲೆ ಅದೇ ಡಿಕ್ರಿಗೆ ಮತ್ತೆ ಪಗಾರ ಮುಟ್ಟುವಂತಿಲ್ಲ. ಪಿಎಫ್ ಕೂಡ ಜಪ್ತಿಗೆ ಬರುವುದಿಲ್ಲ. (ಹೆಂಡತಿ ಮಕ್ಕಳ ಜೀವನಾಂಶದ ಡಿಕ್ರಿ ಆದರೆ ಲೆಕ್ಕ ಬೇರೆ, ಅಲ್ಲಿ ಹೆಚ್ಚು ಹೋಗುತ್ತದೆ.) ಇದನ್ನು ಆಗ ಯಾರೂ ಹೇಳಲಿಲ್ಲ. ಬಂಗಾರ ಅಡವಿಟ್ಟು ನಗದು ಕೊಟ್ಟೆ.

ಆ ವಸೂಲಿ ಮನುಷ್ಯ ಒಂದು ಚೀಟಿ ಕೊಟ್ಟ. ಸೆಟಲ್‌ಮೆಂಟ್ ಪತ್ರ ಎಲ್ಲಿ ಅಂದ್ರೆ "ಹೆಡ್ ಆಫೀಸಿನಿಂದ ಬರ್ತದ್ರಿ, ಸ್ವಲ್ಪ ತಡೀರಿ." ಮತ್ತೆ ಕೇಳಿದ್ರೆ "ಸಾಹೇಬ್ರು ರಜಾ ಮೇಲೆ ಅದಾರ." ಮತ್ತೆ ಕೇಳಿದ್ರೆ "ನಂಬಿಕಿ ಇಲ್ಲೇನ್ರಿ ಮೇಡಂ?"

ಆಮೇಲೆ ಬಂತು ಜಪ್ತಿ ಆದೇಶ. ಪೂರ್ತಿ ಡಿಕ್ರಿ ಮೊತ್ತಕ್ಕೆ! ಡಿಕ್ರಿ ಹಣ ವಸೂಲಿಗೆ ಫೈನಾನ್ಸಿನವರು ಕೋರ್ಟಿಗೆ ಹಾಕಿದ ಅಮಲ್ಜಾರಿ ಅರ್ಜಿಯಲ್ಲಿ ನನ್ನ 80,000ದ ಸುದ್ದಿಯೇ ಇಲ್ಲ. ವಕೀಲರು ಚೀಟಿ ಬೆಳಕಿಗೆ ಹಿಡಿದು ನೋಡಿದರು. ನೀಲಿ ಕಾರ್ಬನ್ ಅಕ್ಷರ, ಕೇಸ್ ನಂಬರ್ ಇಲ್ಲ, ಸೀಲಿಲ್ಲ, ವಿವರದ ಜಾಗದಲ್ಲಿ 'ಚಾರ್ಜಸ್' ಅಂತ ಒಂದೇ ಪದ. ಹಣ ಕೊಟ್ಟ ದಿನ ಅದನ್ನೇ ತೋರಿಸಿ ಇದೇನು ಅಂತ ಕೇಳಿದ್ದೆ, "ಅದು ನಮ್ಮ ಆಫೀಸಿನ ಪದ್ಧತಿ" ಅಂದಿದ್ದ. ವಕೀಲರು ಕೇಳಿದ ಮುಂದಿನ ಪ್ರಶ್ನೆಗೆ ನನ್ನ ಕೈಕಾಲು ತಣ್ಣಗಾದವು: "ಕೊಟ್ಟು 30 ದಿನದೊಳಗೆ ಕೋರ್ಟಿಗೆ ಅರ್ಜಿ ಹಾಕಿದ್ರೇನು?"

ಅದೇ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 21, ನಿಯಮ 2. ಡಿಕ್ರಿ ಹಣ ಕೋರ್ಟಿನ ಹೊರಗೆ ಕೊಟ್ಟರೆ ಅದನ್ನು ಕೋರ್ಟಿನಲ್ಲಿ ದಾಖಲು ಮಾಡಿಸಬೇಕು. ಡಿಕ್ರಿದಾರ (ಡಿಕ್ರಿ ಪಡೆದವರು, ಇಲ್ಲಿ ಫೈನಾನ್ಸಿನವರು) ತಾನಾಗಿ ಹೇಳದಿದ್ದರೆ ನಾವು ಅರ್ಜಿ ಹಾಕಬೇಕು, ಅದಕ್ಕೆ ಇರುವ ಕಾಲಮಿತಿ 30 ದಿನ. ದಾಖಲಾಗದ ಪಾವತಿಯನ್ನು ಅಮಲ್ಜಾರಿ ಕೋರ್ಟ್ ಪರಿಗಣಿಸುವುದೇ ಇಲ್ಲ. ಆ 'ತಡೀರಿ, ತಡೀರಿ' ಯಾಕೆ ಅಂತ ಆಗ ಗೊತ್ತಾಯ್ತು. ನನ್ನ 30 ದಿನ ತಿಂದು ಹಾಕಿದ್ದ!

ಫೋನ್ ಮಾಡಿ ಕೇಳಿದರೆ ಏನಂದ ಗೊತ್ತೇ? "ಅದು ಬಡ್ಡಿ, ಖರ್ಚಿಗೆ ಹೋಯ್ತ್ರಿ. ಏನಿದ್ರೂ ಕೋರ್ಟಿನ್ಯಾಗ ಹೇಳ್ಕೋರಿ." ಅಷ್ಟು ದಿನ "ಅಕ್ಕಾರ, ಅಕ್ಕಾರ" ಅಂದ ಬಾಯಿ ಅದು. ಈಗ ನನ್ನ ನಂಬರ್ ಬ್ಲಾಕ್ ಮಾಡಿದ್ದಾನೆ.

ಡಿಕ್ರಿ ಆಗಿದ್ದರೆ ಹಣ ಕೋರ್ಟಿಗೇ ಕಟ್ಟಿ. ಹೊರಗೆ ಕೊಡಲೇಬೇಕಾದರೆ ಬ್ಯಾಂಕಿನಿಂದ ಡಿಕ್ರಿದಾರರ ಖಾತೆಗೇ ಹಾಕಿ, ಕೇಸ್ ನಂಬರ್ ಬರೆಸಿ, ಅದೇ ವಾರ ವಕೀಲರ ಮೂಲಕ ಅರ್ಜಿ ಹಾಕಿಸಿ. ಅವರ ಪತ್ರಕ್ಕೆ ಒಂದು ದಿನವೂ ಕಾಯಬೇಡಿ. ವಕೀಲರಿಗೆ ದುಡ್ಡಿಲ್ಲ ಅಂತ ಸುಮ್ಮನಿರಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ನನಗೂ ಅಲ್ಲೇ ಸಿಕ್ಕಿದ್ದು. ಚೀಟಿ ಈಗ ಅವರ ಹತ್ತಿರ ಇದೆ, ಮೋಸದ ದೂರು ಕೊಡಲು ತಯಾರಿ ನಡೆದಿದೆ.